ಕೆರೆ ದಂಡೆಯ ಹಕ್ಕಿ ಮತ್ತು ನಮ್ಮ ಕ್ಯಾಮೆರಾ

ಮಕ್ಕಳೇ, ರಜೆ ಬಂತೆಂದರೆ ಹಲವರು ಕಾರವಾರ, ಗೋಕರ್ಣ, ಮುರ್ಡೇಶ್ವರದ ಕಡಲ ದಂಡೆಗೆ ಪ್ರವಾಸ ಹೋಗುತ್ತಾರೆ. ಅಲೆ, ದೋಣಿ, ಸೂರ್ಯಾಸ್ತ, ಕಡಲ ಹಕ್ಕಿಗಳ ಚಿತ್ರ ತೆಗೆದುಕೊಂಡು ಬರುತ್ತಾರೆ. ನಮ್ಮ ವಿಜಯಪುರ ಜಿಲ್ಲೆಗೆ ಕಡಲಿಲ್ಲ. ಆದರೆ ದಂಡೆಗಳಿಗೇನೂ ಕೊರತೆಯಿಲ್ಲ. ವಿಜಯಪುರ ನಗರದ ಬಳಿ ಭೂತನಾಳ ಕೆರೆ ಮತ್ತು ಬೇಗಂ ತಲಾಬ್ ಇವೆ. ಬಬಲೇಶ್ವರ ತಾಲ್ಲೂಕಿನಲ್ಲಿ ಆದಿಲ್‌ಶಾಹಿ ಕಾಲದ ಮಮದಾಪುರ ಕೆರೆ ಇದೆ. ಕೃಷ್ಣಾ ನದಿಯ ನೀರನ್ನು ಎತ್ತಿ ಕೆರೆ ತುಂಬಿಸುವ ಯೋಜನೆಗಳಿಂದ ತಿಕೋಟಾ, ಬಬಲೇಶ್ವರ ಭಾಗದ ಹಲವು ಕೆರೆಗಳು ನೀರು ಕಂಡಿವೆ. ನೀರು ಬಂದಲ್ಲಿ ಹಕ್ಕಿ ಬರುತ್ತದೆ. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಮೆಟ್ಟುಗಾಲು ಹಕ್ಕಿ, ಟಿಟ್ಟಿಭ ಇವೆಲ್ಲ ನಮ್ಮ ಕೆರೆ ದಂಡೆಯ ಹಕ್ಕಿಗಳೇ.

ಇವುಗಳ ಚಿತ್ರ ತೆಗೆಯುವುದು ಒಳ್ಳೆಯ ಹವ್ಯಾಸ. ಆದರೆ ಅದಕ್ಕೆ ಎರಡು ವಿಷಯ ತಿಳಿದಿರಬೇಕು. ಒಂದು, ಬೆಳಕಿನ ಗುಣ. ಇನ್ನೊಂದು, ಹಕ್ಕಿಯ ಕಷ್ಟ.

ಬೆಳಕು ಬರೆಯುವ ಚಿತ್ರ

ಕ್ಯಾಮೆರಾ ಎಂದರೆ ಒಂದು ಕತ್ತಲೆಯ ಪೆಟ್ಟಿಗೆ. ಅದರ ಮುಂದಿನ ಮಸೂರದ ಮೂಲಕ ಬೆಳಕು ಒಳಗೆ ಹೋಗುತ್ತದೆ. ಹಿಂಭಾಗದಲ್ಲಿ ವಸ್ತುವಿನ ತಲೆಕೆಳಗಾದ ಬಿಂಬ ಮೂಡುತ್ತದೆ. ಹಳೆಯ ಕ್ಯಾಮೆರಾದಲ್ಲಿ ಆ ಜಾಗದಲ್ಲಿ ಫಿಲ್ಮ್ ಇರುತ್ತಿತ್ತು. ಇಂದಿನ ಕ್ಯಾಮೆರಾ ಮತ್ತು ಮೊಬೈಲ್‌ಗಳಲ್ಲಿ ಬೆಳಕನ್ನು ಗುರುತಿಸುವ ಸಂವೇದಕ ಇರುತ್ತದೆ. ನಮ್ಮ ಕಣ್ಣಿನ ಅಕ್ಷಿಪಟಲ ಮಾಡುವ ಕೆಲಸವೂ ಇಂಥದ್ದೇ.

ಮಾಡಿ ನೋಡಿ: ಖಾಲಿ ರಟ್ಟಿನ ಪೆಟ್ಟಿಗೆಯ ಒಂದು ಬದಿಯಲ್ಲಿ ಸೂಜಿಯಿಂದ ಸಣ್ಣ ರಂಧ್ರ ಮಾಡಿ. ಎದುರು ಬದಿಯನ್ನು ಕತ್ತರಿಸಿ, ಅಲ್ಲಿ ಎಣ್ಣೆ ಸವರಿದ ಬಿಳಿ ಹಾಳೆ ಅಂಟಿಸಿ. ಕತ್ತಲೆ ಕೋಣೆಯಲ್ಲಿ ಉರಿಯುವ ಮೇಣದಬತ್ತಿಯ ಕಡೆಗೆ ರಂಧ್ರವನ್ನು ಹಿಡಿಯಿರಿ. ಹಾಳೆಯ ಮೇಲೆ ಜ್ವಾಲೆ ತಲೆಕೆಳಗಾಗಿ ಕಾಣುತ್ತದೆ. ಬೆಳಕು ಸರಳ ರೇಖೆಯಲ್ಲಿ ಚಲಿಸುತ್ತದೆ ಎಂಬುದಕ್ಕೆ ಇದೇ ಸಾಕ್ಷಿ. (ಮೇಣದಬತ್ತಿಯನ್ನು ಹಿರಿಯರ ಎದುರಿನಲ್ಲಿಯೇ ಹಚ್ಚಿ.)

ಯಾವ ಹೊತ್ತು ಒಳ್ಳೆಯದು?

ಬೇಸಿಗೆಯ ಮಧ್ಯಾಹ್ನ ದೂರದ ಹಕ್ಕಿಯ ಚಿತ್ರ ತೆಗೆದರೆ ಅದು ನೀರಿನಲ್ಲಿ ಕದಡಿದಂತೆ ಕಾಣುತ್ತದೆ. ಕ್ಯಾಮೆರಾ ಕೆಟ್ಟಿರುವುದಿಲ್ಲ. ಕಾದ ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರುತ್ತಿರುತ್ತದೆ. ಬಿಸಿ ಗಾಳಿ, ತಂಪು ಗಾಳಿಗಳ ಮೂಲಕ ಹಾದು ಬರುವ ಬೆಳಕು ಕ್ಷಣಕ್ಷಣಕ್ಕೂ ಬಾಗುತ್ತದೆ. ಆದ್ದರಿಂದ ಚಿತ್ರ ಮಸುಕಾಗುತ್ತದೆ. ಮುಂಜಾನೆ ನೆಲ ತಂಪಾಗಿರುತ್ತದೆ, ಚಿತ್ರ ಸ್ಪಷ್ಟವಾಗಿ ಬರುತ್ತದೆ. ಹಕ್ಕಿಗಳು ಆಹಾರ ಹುಡುಕುವ ಹೊತ್ತೂ ಅದೇ.

ಹಾರುವ ಹಕ್ಕಿಯ ಚಿತ್ರ ಮಸುಕಾಗಲು ಬೇರೆ ಕಾರಣವಿದೆ. ಹಕ್ಕಿಯೊಂದು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುತ್ತಿದೆ ಎನ್ನೋಣ. ಕ್ಯಾಮೆರಾದ ಬಾಗಿಲು ಸೆಕೆಂಡಿನ 50ನೇ ಒಂದು ಭಾಗದಷ್ಟು ಹೊತ್ತು ತೆರೆದಿದ್ದರೆ, ಅಷ್ಟರಲ್ಲಿ ಹಕ್ಕಿ 20 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. 1000ನೇ ಒಂದು ಭಾಗದಷ್ಟು ಮಾತ್ರ ತೆರೆದರೆ ಅದು ಸರಿಯುವುದು ಕೇವಲ 1 ಸೆಂಟಿಮೀಟರ್. ಆಗ ರೆಕ್ಕೆಯ ಗರಿಗಳೂ ಎಣಿಸುವಂತೆ ಕಾಣುತ್ತವೆ.

ಟಿಟ್ಟಿಭ ಏಕೆ ಕೂಗುತ್ತದೆ?

ಕೆರೆ ದಂಡೆಯಲ್ಲಿ ನಡೆಯುವಾಗ ಒಂದು ಹಕ್ಕಿ ‘ಟಿಟೀ ಟಿಟೀ’ ಎಂದು ಕೂಗುತ್ತ ತಲೆಯ ಮೇಲೆ ಸುತ್ತುವುದನ್ನು ನೋಡಿದ್ದೀರಾ? ಅದೇ ಟಿಟ್ಟಿಭ. ಕಣ್ಣಿನ ಮುಂದೆ ಕೆಂಪು ಚರ್ಮ, ಉದ್ದನೆಯ ಹಳದಿ ಕಾಲು ಇದರ ಗುರುತು. ಇದು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬಯಲು ನೆಲದ ಸಣ್ಣ ತಗ್ಗಿನಲ್ಲಿ ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣದ ಮೇಲೆ ಕಪ್ಪು ಚುಕ್ಕೆಗಳಿರುವುದರಿಂದ ಅವು ಕಲ್ಲು ಹರಳುಗಳ ನಡುವೆ ಕಾಣುವುದೇ ಇಲ್ಲ. ಇದು ಮೊಟ್ಟೆ ಇಡುವ ಕಾಲದಲ್ಲಿ ನಮ್ಮ ಕಡು ಬೇಸಿಗೆಯೂ ಸೇರಿದೆ.

ಕಾವು ಕೊಡುವುದೆಂದರೆ ಬಿಸಿ ಮಾಡುವುದು ಮಾತ್ರವೇ? ಅಲ್ಲ. ನಮ್ಮ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬಿಸಿಲಿಗೆ ಬಿದ್ದ ನೆಲ ಗಾಳಿಗಿಂತಲೂ ಹೆಚ್ಚು ಕಾಯುತ್ತದೆ. ಆಗ ತಾಯಿ ತಂದೆ ಹಕ್ಕಿಗಳು ಸರದಿಯಂತೆ ನಿಂತು ಮೊಟ್ಟೆಗೆ ನೆರಳು ಕೊಡುತ್ತವೆ. ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ನೆನೆಸಿಕೊಂಡು ಬಂದು ಮೊಟ್ಟೆಯ ಮೇಲೆ ಕೂರುತ್ತವೆ. ನೀರು ಆವಿಯಾಗುವಾಗ ಶಾಖವನ್ನು ಹೀರುತ್ತದೆ, ಮೊಟ್ಟೆ ತಂಪಾಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಇದೇ ತತ್ತ್ವದಿಂದ.

ಈಗ ಯೋಚಿಸಿ. ಒಳ್ಳೆಯ ಚಿತ್ರ ಬೇಕೆಂದು ನಾವು ಗೂಡಿನ ಹತ್ತಿರವೇ ನಿಂತರೆ ಏನಾಗುತ್ತದೆ? ಹಕ್ಕಿ ಗೂಡಿಗೆ ಮರಳುವುದಿಲ್ಲ. ನೆರಳಿಲ್ಲದ ಮೊಟ್ಟೆಯೊಳಗಿನ ಮರಿ ಬಿಸಿಲಿಗೆ ಬೆಂದು ಸಾಯಬಹುದು. ನಮಗೆ ಒಂದು ಚಿತ್ರ ಸಿಕ್ಕಿತು, ಹಕ್ಕಿಗೆ ನಾಲ್ಕು ಮರಿ ಹೋದವು. ಆದ್ದರಿಂದ ಟಿಟ್ಟಿಭದ ಕೂಗು ಎಂದರೆ ‘ಹಿಂದೆ ಸರಿಯಿರಿ’ ಎಂಬ ಮಾತು ಎಂದು ತಿಳಿಯಿರಿ.

ಕಡಲ ದಂಡೆಯಲ್ಲೂ ಇದೇ ಪಾಠ

ಮುಂದೆ ಎಂದಾದರೂ ನೀವು ಕಡಲಿಗೆ ಹೋದಾಗಲೂ ಇದು ನೆನಪಿರಲಿ. ಉತ್ತರ ಕನ್ನಡದ ಮರಳ ದಂಡೆಯಲ್ಲಿ ಆಲಿವ್ ರಿಡ್ಲೆ ಎಂಬ ಕಡಲಾಮೆ ಒಂದು ಸಲಕ್ಕೆ ಸುಮಾರು 100 ಮೊಟ್ಟೆ ಇಟ್ಟು ಮರಳು ಮುಚ್ಚಿ ಹೋಗುತ್ತದೆ. ಮರಿಗಳು ಹೆಚ್ಚಾಗಿ ರಾತ್ರಿ ಹೊರಬಂದು, ಬೆಳಕು ಹೆಚ್ಚಿರುವ ದಿಕ್ಕಿಗೆ ಸಾಗುತ್ತವೆ. ನೈಸರ್ಗಿಕವಾಗಿ ಆ ದಿಕ್ಕು ಕಡಲು. ಟಾರ್ಚ್ ಅಥವಾ ಕ್ಯಾಮೆರಾ ಫ್ಲಾಶ್‌ನ ಬೆಳಕು ಬಿದ್ದರೆ ಅವು ದಾರಿ ತಪ್ಪುತ್ತವೆ.

ಚಿತ್ರವೂ ಒಂದು ದಾಖಲೆ

ಚಿತ್ರದ ಜೊತೆ ದಿನಾಂಕ, ಸಮಯ, ಸ್ಥಳ, ಹಕ್ಕಿಗಳ ಸಂಖ್ಯೆ ಬರೆದಿಟ್ಟರೆ ಅದು ವಿಜ್ಞಾನದ ದಾಖಲೆಯಾಗುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ, ಕಡಲ ತೀರದ ಅಘನಾಶಿನಿ ಅಳಿವೆಯ ಜೊತೆಗೆ, ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ತಾಣಗಳ ಪಟ್ಟಿಗೆ ಸೇರಿತು. ಯಾವ ಕೆರೆಗೆ ಯಾವ ಹಕ್ಕಿ ಎಷ್ಟು ಬಂತೆಂದು ಬರೆದಿಟ್ಟಿದ್ದರೆ ಮಾತ್ರ ಕೆರೆಯ ಬೆಲೆ ಲೋಕಕ್ಕೆ ತಿಳಿಯುತ್ತದೆ. ಕ್ಯಾಮೆರಾ ಇಲ್ಲವೇ? ಚಿಂತೆಯಿಲ್ಲ. ನೋಟ್‌ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದ ಚಿತ್ರವೂ ದಾಖಲೆಯೇ.

ನೆನಪಿಡಿ
• ಹಿರಿಯರ ಜೊತೆಗೇ ಹೋಗಿ, ನೀರಿಗೆ ಇಳಿಯಬೇಡಿ.
• ಒಂದೇ ಕಡೆ ಸದ್ದಿಲ್ಲದೆ ಕುಳಿತುಕೊಳ್ಳಿ. ಹಕ್ಕಿ ತಾನಾಗಿ ಹತ್ತಿರ ಬರಬಹುದು.
• ಗೂಡು, ಮೊಟ್ಟೆ, ಮರಿಗಳನ್ನು ಮುಟ್ಟಬೇಡಿ.
• ಹಾರಿಸಿ ಚಿತ್ರ ತೆಗೆಯಲು ಕಲ್ಲೆಸೆಯಬೇಡಿ.

ಯೋಚಿಸಿ, ಉತ್ತರಿಸಿ
1. ಬೇಸಿಗೆಯ ಮಧ್ಯಾಹ್ನ ದೂರದ ವಸ್ತು ಅಲುಗಾಡಿದಂತೆ ಕಾಣುವುದೇಕೆ?
2. ಟಿಟ್ಟಿಭ ಹೊಟ್ಟೆಯ ಗರಿಗಳನ್ನು ನೆನೆಸಿಕೊಳ್ಳುವುದೇಕೆ?
3. ನಿಮ್ಮೂರ ಕೆರೆಯಲ್ಲಿ ಒಂದು ವಾರ ಕಂಡ ಹಕ್ಕಿಗಳ ಪಟ್ಟಿ ಮಾಡಿ, ತರಗತಿಯ ಗೋಡೆಗೆ ಅಂಟಿಸಿ.