ಕಬ್ಬಿನ ಬಾಕಿ: ಸಹಿ ಹಾಕುವ ಮುನ್ನ ಓದಬೇಕಾದ ಒಂದು ಸಾಲು

ಕಬ್ಬಿನ ಬಿಲ್ ಬಾಕಿ ಇಟ್ಟುಕೊಂಡು ನನ್ನ ಬಳಿ ಬರುವ ರೈತರು ಮೊದಲು ಕೇಳುವುದು ಹಣದ ಮಾತಲ್ಲ. ‘ಅರ್ಜಿ ಕೊಟ್ಟರೆ ಮುಂದಿನ ವರ್ಷ ನಮ್ಮ ಕಬ್ಬು ಕಡಿಸ್ತಾರಾ ಸಾಹೇಬ್ರ?’ ಎಂದು ಕೇಳುತ್ತಾರೆ. ಕಾರ್ಖಾನೆಯವರಿಗೆ ಈ ಭಯ ಗೊತ್ತು. ಬಾಕಿ ಬೆಳೆಯುವುದೇ ಅದರ ಮೇಲೆ.

1966ರ ಕಬ್ಬು ನಿಯಂತ್ರಣ ಆದೇಶದಂತೆ, ಕಬ್ಬು ಕೊಟ್ಟ 14 ದಿನದೊಳಗೆ ಹಣ ಪಾವತಿಯಾಗಬೇಕು. ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ. ಎರಡು ಲಕ್ಷ ರೂಪಾಯಿ ಗಡುವು ದಾಟಿ ಆರು ತಿಂಗಳು ನಿಂತರೆ ಬಡ್ಡಿಯೇ 15,000 ರೂಪಾಯಿ. ಅದನ್ನು ಬಾಯಿಬಿಟ್ಟು ಕೇಳುವವರೇ ಇಲ್ಲ.

ದರದ ಬಗ್ಗೆ ಒಂದು ಮಾತು. 2025–26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ಶೇ 10.25 ಸಕ್ಕರೆ ಇಳುವರಿಗೆ ಟನ್ನಿಗೆ 3,550 ರೂಪಾಯಿ. ಇಳುವರಿ ಶೇ 9.5ಕ್ಕಿಂತ ಇಳಿದರೂ 3,290.50ಕ್ಕಿಂತ ಕಡಿಮೆ ಇಲ್ಲ. ಇದು ಕಾರ್ಖಾನೆ ಗೇಟಿನ ದರ. ಕಟಾವು, ಸಾಗಣೆ ವೆಚ್ಚ ಇದರಲ್ಲೇ ಮುರಿಯುತ್ತಾರೆ. ಎಷ್ಟು ಮುರಿದರೆಂಬ ವಿವರ ಬರಹದಲ್ಲಿ ಕೇಳಿ. ಕಟಾವು ಗ್ಯಾಂಗಿನವರು ಹೊಲದಲ್ಲಿ ಕೈಗೆ ಇಸಿದುಕೊಂಡ ಹಣ ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಬೀಳುವ ಗುಂಡಿ. 14 ದಿನದ ನಿಯಮದ ಜೊತೆಗೇ, ‘ಬೇರೆ ರೀತಿಯ ಲಿಖಿತ ಒಪ್ಪಂದ ಇಲ್ಲದಿದ್ದರೆ’ ಎಂಬ ಷರತ್ತೂ ಇದೆ. ನಾಟಿ ನೋಂದಣಿಗೆಂದು ಕಾರ್ಖಾನೆಯ ಫೀಲ್ಡ್‌ಮನ್ ಮನೆಗೆ ತರುವ ಫಾರಂ ನೋಡಿದ್ದೀರಾ? ಒಬ್ಬ ಕಕ್ಷಿದಾರರು ತಂದ ಪ್ರತಿಯಲ್ಲಿ ಸರ್ವೆ ನಂಬರ್, ಎಕರೆ, ತಳಿಯನ್ನು ಪೆನ್ನಿನಲ್ಲಿ ತುಂಬಲಾಗಿತ್ತು. ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ, ಕಾರ್ಖಾನೆ ಸೂಚಿಸಿದ ಕಂತುಗಳಲ್ಲಿ ಹಣ ಪಡೆಯಲು ತಕರಾರಿಲ್ಲ ಎಂದು ಅಚ್ಚಾಗಿತ್ತು. ಕೆಳಗೆ ಅವರದೇ ಸಹಿ. ಅವರು ಅದನ್ನು ಕಟಾವಿನ ಸರದಿಯ ಕಾಗದ ಎಂದುಕೊಂಡಿದ್ದರು. ಬಾಕಿ ಕೇಳಿದಾಗ ಕಾರ್ಖಾನೆ ಇದೇ ಹಾಳೆಯನ್ನು ಮುಂದಿಟ್ಟಿತು. ಹೊಟ್ಟೆ ಉರಿಯುತ್ತದೆ. ಖಾಲಿ ಫಾರಂಗೆ ಸಹಿ ಹಾಕಬೇಡಿ. ಕಂತಿನ ಸಾಲಿದ್ದರೆ ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ, ಫೋನಿನಲ್ಲಿ ಫೋಟೊ ತೆಗೆದಿಡಿ. ಈಗಾಗಲೇ ಸಹಿ ಮಾಡಿದ್ದರೂ ಎಲ್ಲ ಮುಗಿಯಿತೆಂದಲ್ಲ: ಒಪ್ಪಂದದಲ್ಲಿ ಹೇಳಿದ ದಿನಾಂಕ ಮೀರಿದ ಮೇಲೆ ಅದೂ ಬಾಕಿಯೇ, ವಸೂಲಿಗೆ ಅವಕಾಶವಿದೆ.

ತೂಕದ ಚೀಟಿ, ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಜೋಡಿಸಿ ಕಬ್ಬು ಅಭಿವೃದ್ಧಿ ಆಯುಕ್ತರಿಗೆ ಅರ್ಜಿ ಬರೆಯಿರಿ. ಒಂದು ಪ್ರತಿ ಜಿಲ್ಲಾಧಿಕಾರಿಗೆ. ಅಸಲು, ಬಡ್ಡಿ ಬೇರೆ ಬೇರೆ ಬರೆಯಿರಿ. ಬಡ್ಡಿ ನಮೂದಿಸದಿದ್ದರೆ ಯಾರೂ ಅದನ್ನು ನೆನಪಿಸುವುದಿಲ್ಲ. ಈ ಬಾಕಿಯನ್ನು ಭೂಕಂದಾಯದ ಬಾಕಿಯಂತೆ ಕಾರ್ಖಾನೆಯ ಆಸ್ತಿಯಿಂದ ವಸೂಲು ಮಾಡಲು ಅವಕಾಶವಿದೆ. ರೈತನ ಸಾವಿರ ರೂಪಾಯಿ ಸಾಲಕ್ಕೆ ಮನೆ ಬಾಗಿಲಿಗೆ ಬರುವ ನೋಟಿಸು ಕಾರ್ಖಾನೆಯ ಗೇಟಿಗೆ ಹೋಗಲು ತಿಂಗಳುಗಟ್ಟಲೆ ಏಕೆ ಬೇಕೋ, ಅಧಿಕಾರಿಗಳೇ ಹೇಳಬೇಕು. ಅರ್ಜಿ ಕೊಟ್ಟಾಗ ಮೊಹರು ಹಾಕಿದ ಸ್ವೀಕೃತಿ ಪಡೆಯದೆ ಕೌಂಟರ್ ಬಿಡಬೇಡಿ. ತೆಗೆದುಕೊಳ್ಳಲು ತಕರಾರು ಮಾಡಿದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ. ಕ್ರಮ ಕಾಣದಿದ್ದರೆ ಮಾಹಿತಿ ಹಕ್ಕಿನಲ್ಲಿ, ‘ನನ್ನ ಅರ್ಜಿ ಯಾರ ಮೇಜಿನ ಮೇಲಿದೆ’ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಇದೆಲ್ಲ ಬಿಲ್ಲು ನಿಮ್ಮ ಹೆಸರಿನಲ್ಲಿದ್ದರೆ ಮಾತ್ರ. ಬೇಗ ಕಡಿಸಿಕೊಡುತ್ತೇನೆಂದು ದಲ್ಲಾಳಿ ತನ್ನ ಹೆಸರಿನಲ್ಲಿ ಕಬ್ಬು ಸಾಗಿಸಿದರೆ, ಕಾರ್ಖಾನೆಯ ಪುಸ್ತಕದಲ್ಲಿ ರೈತ ಅವನೇ. ಬೇರೆಯವರ ಹೊಲ ಲಾವಣಿಗೆ ಮಾಡುವವರೂ ಮಾಲೀಕರ ಹೆಸರಿಗೆ ಬಿಲ್ಲು ಬಿಟ್ಟರೆ ಇದೇ ಗತಿ; ಮೊದಲೇ ಬರಹದ ಕರಾರು ಮಾಡಿಕೊಳ್ಳಿ.

ಕೋರ್ಟಿನ ದಾರಿಯೂ ಇದೆ, ಆದರೆ ಸಾಮಾನ್ಯವಾಗಿ ಮೂರು ವರ್ಷದೊಳಗೆ. ‘ದೀಪಾವಳಿಗೆ ಕೊಡ್ತೀವಿ’ ಎಂಬ ಬಾಯಿಮಾತಿನಿಂದ ಆ ಅವಧಿ ಒಂದು ದಿನವೂ ಹಿಗ್ಗದು. ಅವಧಿ ಮುಗಿಯುವ ಮೊದಲೇ ಬಾಕಿ ಇಷ್ಟೆಂದು ಕಾರ್ಖಾನೆ ಸಹಿ ಮಾಡಿ ಬರೆದುಕೊಟ್ಟರೆ, ಅಂದಿನಿಂದ ಮೂರು ವರ್ಷ ಮತ್ತೆ ಎಣಿಸಬಹುದು. ಅದಕ್ಕಾಗಿ ಪ್ರತಿ ಹಂಗಾಮಿನ ಕೊನೆಗೆ ಬಾಕಿಯ ಲೆಕ್ಕಪತ್ರವನ್ನು ಸಹಿ, ಮೊಹರಿನೊಂದಿಗೆ ಕೇಳಿ ಪಡೆಯಿರಿ.