ಕಂಪ್ಯೂಟರಿಗೂ ಕೈಫೋನಿಗೂ ತಗಲುವ ಕೇಡುಗಳು

ಸಂತ ಜೋಸೆಫ್ ಇಂಜಿನಿಯರಿಂಗ್ ಕಾಲೇಜು 2002ನೇ ಇಸವಿಯಲ್ಲಿ ಆರಂಭವಾದ ವಾಮಂಜೂರಿನಲ್ಲಿ ಕಂಪ್ಯೂಟರ್ ಎಂಬ ಮಾತು ಹೊಸದಲ್ಲ. ಈಗಲಾದರೋ ಅದು ಫೋನಿನ ರೂಪವಾಗಿ ಬಹುಮಂದಿ ತಾಯಂದಿರ ಕೈಯಲ್ಲಿಯೂ ಉಂಟು. ಆದಕಾರಣ ಈ ಯಂತ್ರಕ್ಕೆ ತಗಲುವ ಕೇಡುಗಳು ಯಾವವು, ಅವು ಯಾವ ಬಾಗಿಲಿನಿಂದ ಒಳಗೆ ಬರುತ್ತವೆ ಎಂಬದನ್ನು ತಿಳಿಯುವದು ಗೃಹಕೃತ್ಯಕ್ಕೆ ಸೇರಿದ ವಿದ್ಯೆಯೇ ಎಂದು ನಾವೆಣಿಸುತ್ತೇವೆ.

ಜನರು ಇವೆಲ್ಲವನ್ನೂ ವೈರಸ್ ಎಂಬ ಒಂದೇ ಹೆಸರಿನಿಂದ ಕರೆಯುವರು, ಆದರೆ ಭೇದವುಂಟು. ವೈರಸ್ಸೆಂಬದು ಮತ್ತೊಂದು ಫೈಲಿಗೋ ಡಿಸ್ಕಿಗೋ ಅಂಟಿಕೊಂಡಿದ್ದು, ಅದನ್ನು ಉಪಯೋಗಿಸಿದಾಗ ತನ್ನ ಪ್ರತಿಗಳನ್ನು ತಾನೇ ಮಾಡಿಕೊಳ್ಳುವ ಪ್ರೋಗ್ರಾಮು. 1986ರಲ್ಲಿ ಲಾಹೋರಿನ ಇಬ್ಬರು ಸಹೋದರರು ಬರೆದ ‘ಬ್ರೈನ್’ ಇಂಥದ್ದು. ಫ್ಲಾಪಿಗಳ ಮೂಲಕ ಅದು ದೇಶಾಂತರಗಳಿಗೆ ಹೋಯಿತು. ಹುಳು, ಅಂದರೆ ವರ್ಮ್ ಎಂಬದನ್ನು ಯಾರೂ ತೆರೆಯಬೇಕೆಂದಿಲ್ಲ. ಜಾಲದ ದಾರಿಯಲ್ಲಿ ತಾನೇ ನಡೆಯುವದು. 2017ರ ಮೇ 12ರಂದು ಹೊರಟ ‘ವಾನ್ನಾಕ್ರೈ’ ಹೀಗೆಯೇ ಹರಡಿ, ಕಡತಗಳಿಗೆ ಬೀಗ ಹಾಕಿ, ಬಿಡಿಸುವದಕ್ಕೆ ಹಣ ಕೇಳಿತು. ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಎರಡು ತಿಂಗಳ ಮುಂಚೆಯೇ ಕೊಟ್ಟಿತ್ತು. ಫೋನು ಅಪ್‌ಡೇಟ್ ಕೇಳಿದಾಗಲೆಲ್ಲಾ ನಾಳೆ ಎನ್ನುವವರು ಇದನ್ನು ನೆನಸಲಿ.

ನಮ್ಮ ಮನೆಗಳಿಗೆ ಈಗ ಹೆಚ್ಚು ಭಯವಿರುವದು ಮೂರನೆಯ ಜಾತಿಯಿಂದ. ಅದರ ಹೆಸರು ಟ್ರೋಜನ್. ಬೇಕಾದ ವಸ್ತುವಿನ ವೇಷ ಹಾಕಿ ಬರುವ ಕಳ್ಳ. ವಾಟ್ಸಾಪಿನಲ್ಲಿ ಮದುವೆಯ ಕರೆಯೋಲೆಯೆಂದೋ, ವಾಹನದ ದಂಡದ ಚೀಟಿಯೆಂದೋ ಒಂದು ಫೈಲು ಬರುವದು. ಅದರ ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿರುವವು. ಕರೆಯೋಲೆಯಾದರೆ ಚಿತ್ರವೋ ಪಿಡಿಎಫೋ ಆಗಿರಬೇಕಷ್ಟೆ. ಎಪಿಕೆ ಎಂಬದು ಆಂಡ್ರಾಯ್ಡ್ ಫೋನಿನೊಳಗೆ ಸ್ಥಾಪಿಸತಕ್ಕ ಆ್ಯಪ್. ಒತ್ತಿದಾಗ ಫೋನು ಒಮ್ಮೆ ಎಚ್ಚರಿಸುವದು. ಅದನ್ನು ದಾಟಿದರೆ ಆ ಆ್ಯಪ್ ಎಸ್ಸೆಮ್ಮೆಸ್ಸುಗಳನ್ನು ಓದುವದಕ್ಕೆ ಅಪ್ಪಣೆ ಬೇಡುವದು. ಕೊಟ್ಟ ಬಳಿಕ ಬ್ಯಾಂಕಿನಿಂದ ಬರುವ ಓಟಿಪಿ ಕಳ್ಳನಿಗೂ ಕಾಣಿಸುವದು. ಓಟಿಪಿಯನ್ನು ಯಾರಿಗೂ ಹೇಳದೆ ಜಾಗ್ರತೆಯಾಗಿದ್ದವರ ಹಣವೂ ಹೋಗುವದು ಹೀಗೆಯೇ. ಕಳುಹಿಸಿದವರು ಸ್ವಂತ ಅತ್ತಿಗೆಯಾದರೂ ಕೇಳದೆ ತೆರೆಯಕೂಡದು; ಯಾಕಂದರೆ ಅವರ ಫೋನು ಕಳ್ಳರ ವಶವಾಗಿದ್ದರೆ, ಅವರ ಹೆಸರಿನಿಂದಲೇ ಪರಿಚಿತರಿಗೆಲ್ಲಾ ಆ ಫೈಲು ಹೋಗಿರಬಹುದು.

ಅದು ಒಳಗೆ ಬಂದಿತೆಂದು ತಿಳಿದರೆ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬೇರೊಂದು ಫೋನಿನಿಂದ ಬ್ಯಾಂಕಿಗೂ 1930 ಎಂಬ ಸರಕಾರಿ ಸಹಾಯದ ನಂಬರಿಗೂ ತಿಳಿಸಬೇಕು. ಹಣವು ಇನ್ನೂ ಖಾತೆಗಳಲ್ಲಿ ಇರುವಾಗ ಸುದ್ದಿ ಮುಟ್ಟಿದರೆ ಅದನ್ನು ತಡೆಹಿಡಿಯಲು ಸಾಧ್ಯವುಂಟು. ಗದರಿಕೆಗೆ ಹೆದರಿ ಮಗಳಾಗಲಿ ಅತ್ತೆಯಾಗಲಿ ಒಂದು ರಾತ್ರಿ ಸುಮ್ಮನಿದ್ದರೆ, ಬೆಳಗಾಗುವಷ್ಟರಲ್ಲಿ ಅದು ನಾಲ್ಕಾರು ಖಾತೆಗಳನ್ನು ದಾಟಿರಬಹುದು.