ಹಳದಿ ಹಾಳೆಯ ಸಂಕಲ್ಪ

ಮನುಷ್ಯನ ಮನಸ್ಸು ಬಯಕೆಗಳ ತವರು. ಎಳೆಯ ವಯಸ್ಸಿನಲ್ಲಂತೂ ದಿನಕ್ಕೊಂದು ಹೊಸ ಬಯಕೆ ಹುಟ್ಟುತ್ತದೆ. ಆಕಾಶದಲ್ಲಿ ವಿಮಾನ ಹಾರಿದರೆ ವಿಮಾನವನ್ನು ನಡೆಸಬೇಕೆನಿಸುತ್ತದೆ. ಜಾತ್ರೆಯಲ್ಲಿ ಕೊಳಲಿನ ದನಿ ಕೇಳಿದರೆ ಕೊಳಲನ್ನು ಕಲಿಯಬೇಕೆನಿಸುತ್ತದೆ. ಭೂಪಟವನ್ನು ಬಿಡಿಸಿದರೆ ದೂರದ ನಾಡುಗಳು ಕೈಬೀಸಿ ಕರೆಯುತ್ತವೆ. ಆದರೆ ಈ ಬಯಕೆಗಳಲ್ಲಿ ಹೆಚ್ಚಿನವು ಬೆಳಗಿನ ಇಬ್ಬನಿಯಂತೆ ಬಿಸಿಲೇರುವ ಮುನ್ನವೇ ಆರಿಹೋಗುತ್ತವೆ. ವರ್ಷಗಳು ಉರುಳಿ ಕೂದಲು ನರೆತ ಮೇಲೆ, ‘ಅಯ್ಯೋ, ಆಗಲೇ ಆ ಕೆಲಸವನ್ನು ಮಾಡಬಹುದಾಗಿತ್ತಲ್ಲ!’ ಎಂಬ ಕೊರಗು ಮಾತ್ರ ಉಳಿಯುತ್ತದೆ. ಈ ಕೊರಗನ್ನು ನಾವೆಲ್ಲರೂ ಹಿರಿಯರ ಬಾಯಲ್ಲಿ ಒಮ್ಮೆಯಾದರೂ ಕೇಳಿದ್ದೇವೆ, ಕೇಳಿ ಮರೆತಿದ್ದೇವೆ. ಕೇಳಿಯೂ ಮರೆಯದ ಒಬ್ಬ ಹುಡುಗನ ಕಥೆ ಇದು.

1940ನೆಯ ಇಸವಿ. ಅಮೆರಿಕ ಸಂಯುಕ್ತ ಸಂಸ್ಥಾನದ ಪಶ್ಚಿಮ ತೀರದಲ್ಲಿರುವ ಲಾಸ್ ಏಂಜಲೀಸ್ ನಗರದ ಒಂದು ಮನೆ. ಹೊರಗೆ ಮಳೆ ಸುರಿಯುತ್ತಿತ್ತು. ಹದಿನೈದು ವರ್ಷದ ಜಾನ್ ಗೊಡಾರ್ಡ್ ಎಂಬ ಹುಡುಗನು ಅಡುಗೆಮನೆಯ ಮೇಜಿನ ಮುಂದೆ ಕುಳಿತಿದ್ದನು. ತನಗೆ ತಿಳಿದ ಹಿರಿಯರು, ಪ್ರಾಯದಲ್ಲಿ ಮಾಡಬೇಕಾಗಿದ್ದ ಕೆಲಸಗಳನ್ನು ಮಾಡದೆ ಬಿಟ್ಟೆವಲ್ಲ ಎಂದು ಹಲುಬುತ್ತಿದ್ದುದು ಅವನ ಮನಸ್ಸಿನಲ್ಲಿ ನಾಟಿತ್ತು. ತಾನು ಮಾತ್ರ ಮುಪ್ಪಿನಲ್ಲಿ ಹಾಗೆ ಹಲುಬಬಾರದು ಎಂದು ಆತನು ನಿಶ್ಚಯಿಸಿದನು. ಒಂದು ಹಳದಿ ಬಣ್ಣದ ಕಾಗದದ ಕಟ್ಟನ್ನು ತೆಗೆದುಕೊಂಡು, ಅದರ ನೆತ್ತಿಯ ಮೇಲೆ ‘ನನ್ನ ಬಾಳಿನ ಪಟ್ಟಿ’ ಎಂಬ ಅರ್ಥದ ಮಾತನ್ನು ಬರೆದನು. ಅದರ ಕೆಳಗೆ ತಾನು ಈ ಜನ್ಮದಲ್ಲಿ ಸಾಧಿಸಬೇಕಾದುದನ್ನು ಒಂದೊಂದಾಗಿ ಬರೆಯುತ್ತ ಹೋದನು. ಬರೆದು ಮುಗಿಸುವ ವೇಳೆಗೆ ಗುರಿಗಳ ಸಂಖ್ಯೆ 127 ಆಗಿತ್ತು.

ಆ ಪಟ್ಟಿಯನ್ನು ನೋಡಿದವರಿಗೆ ಮೊದಲು ನಗು ಬರಬಹುದು. ನೈಲ್, ಅಮೆಜಾನ್, ಕಾಂಗೊ ಮೊದಲಾದ ಮಹಾನದಿಗಳ ಅನ್ವೇಷಣೆ ಅದರಲ್ಲಿತ್ತು. ಎವರೆಸ್ಟ್, ಕಿಲಿಮಂಜಾರೊ, ಮ್ಯಾಟರ್‌ಹಾರ್ನ್ ಶಿಖರಗಳ ಆರೋಹಣವಿತ್ತು. ಮಾರ್ಕೊ ಪೋಲೊ ಮತ್ತು ಅಲೆಕ್ಸಾಂಡರ್ ನಡೆದ ಹಾದಿಯಲ್ಲಿ ನಡೆಯುವ ಹಂಬಲವಿತ್ತು. ನಮ್ಮ ದೇಶದ ತಾಜಮಹಲನ್ನು ಕಣ್ಣಾರೆ ಕಾಣುವ ಆಸೆಯಿತ್ತು. ದೈವಚಿತ್ತವಿದ್ದರೆ ಎಂದಾದರೊಂದು ದಿನ ಚಂದ್ರನಲ್ಲಿಗೆ ಹೋಗುವ ಇಚ್ಛೆಯೂ ಇತ್ತು! ಇವುಗಳ ಪಕ್ಕದಲ್ಲಿಯೇ ನಿಮಿಷಕ್ಕೆ ಐವತ್ತು ಪದಗಳಂತೆ ಬೆರಳಚ್ಚು ಮಾಡುವುದು, ಕೊಳಲು ಮತ್ತು ಪಿಟೀಲು ನುಡಿಸುವುದು, ವಿಷಸರ್ಪದಿಂದ ವಿಷವನ್ನು ಹಿಂಡಿ ತೆಗೆಯುವುದು, ಒಂದು ಪುಸ್ತಕವನ್ನು ಬರೆಯುವುದು, ಮದುವೆಯಾಗಿ ಮಕ್ಕಳನ್ನು ಪಡೆಯುವುದು, ಇಪ್ಪತ್ತೊಂದನೆಯ ಶತಮಾನವನ್ನು ಕಾಣುವವರೆಗೆ ಬದುಕಿರುವುದು ಎಂಬ ಗುರಿಗಳೂ ಕುಳಿತಿದ್ದವು.

ಆ ಹುಡುಗನು ಈ ಪಟ್ಟಿಯನ್ನು ಬರೆದ ಕಾಲವನ್ನು ನಾವು ನೆನಪಿನಲ್ಲಿಡಬೇಕು. 1940ರಲ್ಲಿ ಎವರೆಸ್ಟ್ ಶಿಖರವನ್ನು ಏರಿ ಹಿಂದಿರುಗಿದವರು ಯಾರೂ ಇರಲಿಲ್ಲ. ತೇನ್‌ಸಿಂಗ್ ಮತ್ತು ಹಿಲರಿ ಅದರ ನೆತ್ತಿಯ ಮೇಲೆ ನಿಂತದ್ದು 1953ರಲ್ಲಿ. ಮಾನವನು ಅಂತರಿಕ್ಷಕ್ಕೆ ಹಾರಿದ್ದು 1961ರಲ್ಲಿ, ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಹೀಗಿರುವಾಗ, ಜಗತ್ತಿನಲ್ಲಿ ಯಾರೂ ಮಾಡದಿದ್ದ ಕಾರ್ಯಗಳನ್ನೂ ಶಾಲೆಯ ಹುಡುಗನೊಬ್ಬನು ಯಾವ ಅಳುಕೂ ಇಲ್ಲದೆ ತನ್ನ ಪಟ್ಟಿಯಲ್ಲಿ ಬರೆದುಕೊಂಡನು. ಆದರೆ ಕೇವಲ ಇಂಥ ದೊಡ್ಡ ಮಾತುಗಳಷ್ಟೇ ಆ ಹಾಳೆಯಲ್ಲಿದ್ದಿದ್ದರೆ ಅದು ಹಗಲುಗನಸಿನ ದಾಖಲೆಯಾಗಿ ಮೂಲೆ ಸೇರುತ್ತಿತ್ತು. ಅದಕ್ಕೆ ಜೀವ ತುಂಬಿದುವು ಅದರಲ್ಲಿದ್ದ ಸಣ್ಣ ಗುರಿಗಳು. ಬೆರಳಚ್ಚನ್ನು ಕಲಿಯಲು ನೈಲ್ ನದಿಗೆ ಹೋಗಬೇಕಾಗಿಲ್ಲ. ನಾಳೆ ಬೆಳಿಗ್ಗೆಯೇ ಆರಂಭಿಸಬಹುದು. ಒಂದು ಸಣ್ಣ ಗುರಿ ಮುಟ್ಟಿದಾಗ ಮನಸ್ಸಿಗೆ ಬರುವ ಧೈರ್ಯವು ಮುಂದಿನ ಗುರಿಗೆ ಮೆಟ್ಟಿಲಾಗುತ್ತದೆ. ಹನಿಗೂಡಿದರೆ ಹಳ್ಳ ಎಂಬ ನಮ್ಮ ಹಿರಿಯರ ಮಾತು ಸಾಧನೆಗೂ ಸಲ್ಲುತ್ತದೆ.

ಅಷ್ಟೇ ಅಲ್ಲ, ಸಣ್ಣ ಗುರಿಗಳಿಗೂ ದೊಡ್ಡ ಗುರಿಗಳಿಗೂ ಒಳಗೊಳಗೇ ನಂಟಿರುತ್ತದೆ. ಫ್ರೆಂಚ್ ಮತ್ತು ಅರಬ್ಬಿ ಭಾಷೆಗಳನ್ನು ಕಲಿಯುವುದು ಗೊಡಾರ್ಡನ ಪಟ್ಟಿಯಲ್ಲಿದ್ದ ಗುರಿಗಳಲ್ಲೊಂದು. ಮುಂದೆ ನೈಲ್ ನದಿಯ ಪಯಣದಲ್ಲಿ ಆತನಿಗೆ ಜೊತೆಯಾದ ಇಬ್ಬರೂ ಫ್ರಾನ್ಸ್ ದೇಶದವರು. ಆ ನದಿಯು ಕೊನೆಯಲ್ಲಿ ಹರಿಯುವ ಈಜಿಪ್ಟಿನ ಜನರಾಡುವ ನುಡಿ ಅರಬ್ಬಿ. ಬೇರೆ ಬೇರೆಯಾಗಿ ತೋರುವ ಎರಡು ಗುರಿಗಳು ಬಾಳಿನ ಒಂದು ತಿರುವಿನಲ್ಲಿ ಹೀಗೆ ಕೈಕೈ ಹಿಡಿಯುತ್ತವೆ.

ಪಟ್ಟಿಯ ಮೊದಲ ಗುರಿ ನೈಲ್ ನದಿಯ ಅನ್ವೇಷಣೆಯಾಗಿತ್ತು. ಅದು ಕೈಗೂಡಲು ಹತ್ತು ವರ್ಷಗಳು ಬೇಕಾದುವು. ಈ ನಡುವೆ ಎರಡನೆಯ ಮಹಾಯುದ್ಧ ಬಂದಿತು. ಗೊಡಾರ್ಡನು ವಾಯುದಳದಲ್ಲಿ ಸೇವೆ ಸಲ್ಲಿಸಿದನು. ಯುದ್ಧ ಮುಗಿದ ಮೇಲೆ ವಿಶ್ವವಿದ್ಯಾನಿಲಯದಲ್ಲಿ ವ್ಯಾಸಂಗ ಮಾಡಿದನು. ಹಳದಿ ಹಾಳೆಯನ್ನು ಮಾತ್ರ ಆತನು ಮರೆಯಲಿಲ್ಲ. 1950ರಲ್ಲಿ, ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಇಬ್ಬರು ಗೆಳೆಯರೊಡನೆ ಮಧ್ಯ ಆಫ್ರಿಕದ ಕಗೇರಾ ನದಿಯ ಉಗಮಸ್ಥಾನದ ಕಡೆಯಿಂದ ಹೊರಟನು. ಅವರ ವಾಹನ ಕಯಾಕ್ ಎಂಬ ಪುಟ್ಟ ದೋಣಿ; ಒಬ್ಬನೇ ಕುಳಿತು ಹುಟ್ಟು ಹಾಕಬೇಕಾದ, ಹೆಗಲ ಮೇಲೆ ಹೊತ್ತು ನಡೆಯಬಹುದಾದ ಹಗುರವಾದ ದೋಣಿ. ಮುಂದಿದ್ದ ದಾರಿ 6,600 ಕಿಲೋಮೀಟರುಗಳಿಗೂ ಮಿಗಿಲು. ದಾರಿಯಲ್ಲಿ ಭೋರ್ಗರೆಯುವ ಇಳಿನೀರುಗಳಿದ್ದುವು. ನೀರಾನೆ ಮತ್ತು ಮೊಸಳೆಗಳಿದ್ದುವು. ಸುಡಾನಿನಲ್ಲಿ ಹೊಳೆ ಯಾವುದು, ಜವುಗು ಯಾವುದು ಎಂದು ತಿಳಿಯದಂತೆ ಹಬ್ಬಿದ ಆಪಿನ ಕಾಡಿತ್ತು. ಅದರಾಚೆ ಮರಳುಗಾಡಿನ ಬಿರುಗಾಳಿಯಿತ್ತು. ತಿಂಗಳುಗಟ್ಟಲೆ ಹೀಗೆ ಸಾಗಿ 1951ರಲ್ಲಿ ಅವರು ಮೆಡಿಟರೇನಿಯನ್ ಸಮುದ್ರವನ್ನು ಮುಟ್ಟಿದರು. ಈ ಪಯಣದ ಕಥೆಯನ್ನು ಗೊಡಾರ್ಡನು ಮುಂದೆ ಪುಸ್ತಕವಾಗಿ ಬರೆದನು. ಒಂದು ಗುರಿಯ ಸಾಧನೆಯಿಂದ ಇನ್ನೊಂದು ಗುರಿಯೂ ಈಡೇರಿತು.

ಸಾಹಸದ ಹಾದಿ ಹೂವಿನ ಹಾಸಿಗೆಯಲ್ಲ. ಕಾಂಗೊ ನದಿಯ ಪಯಣದಲ್ಲಿ ಆತನ ಜೊತೆಗಾರನು ನೀರಿನ ಸೆಳೆತಕ್ಕೆ ಸಿಕ್ಕಿ ಪ್ರಾಣವನ್ನು ನೀಗಿದನು. ಗೊಡಾರ್ಡನು ದುಃಖವನ್ನು ನುಂಗಿಕೊಂಡು ಉಳಿದ ದಾರಿಯನ್ನು ಸಾಗಿಸಿ ಆ ಕಾರ್ಯವನ್ನು ಕೊನೆಗಾಣಿಸಿದನು. ಹಾಳೆಯ ಮೇಲೆ ಒಂದು ಸಾಲಾಗಿ ಕಾಣುವ ಗುರಿಯು ಬಾಳಿನಲ್ಲಿ ಎಷ್ಟು ಬೆಲೆಯನ್ನು ಕೇಳಬಹುದೆಂಬುದನ್ನು ನಾವು ಇಲ್ಲಿ ಕಾಣುತ್ತೇವೆ. ಆದುದರಿಂದ ಗುರಿಯನ್ನು ಬರೆಯುವಾಗ ಕೈಗೆ ಉತ್ಸಾಹವಿದ್ದರೆ ಸಾಲದು. ಅದರ ಹೊಣೆಯನ್ನು ಹೊರುವ ವಿವೇಕವೂ ಇರಬೇಕು.

1972ರಲ್ಲಿ ಅಮೆರಿಕದ ‘ಲೈಫ್’ ಎಂಬ ಪತ್ರಿಕೆಯು ಆತನನ್ನು ಕುರಿತು ಲೇಖನವನ್ನು ಪ್ರಕಟಿಸಿತು. ಆಗ ಗೊಡಾರ್ಡನಿಗೆ ನಲವತ್ತೇಳು ವರ್ಷ. ಆ ವೇಳೆಗೆ 127 ಗುರಿಗಳಲ್ಲಿ 103 ಗುರಿಗಳನ್ನು ಆತನು ಸಾಧಿಸಿದ್ದನು. ಆತನು ಕಿಲಿಮಂಜಾರೊವನ್ನು ಏರಿದ್ದನು, ಎವರೆಸ್ಟನ್ನು ಏರಲಿಲ್ಲ. ಚಂದ್ರನಲ್ಲಿಗೆ ಹೋಗಲಿಲ್ಲ. ಆದರೆ ಇಪ್ಪತ್ತೊಂದನೆಯ ಶತಮಾನವನ್ನು ಕಂಡನು. 2013ರಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ ಆತನು ತೀರಿಕೊಂಡಾಗ ಪಟ್ಟಿಯಲ್ಲಿ ಕೆಲವು ಸಾಲುಗಳು ಹಾಗೆಯೇ ಉಳಿದಿದ್ದುವು. ಹಾಗಾದರೆ ಆತನ ಬಾಳು ಸೋತಿತೆನ್ನಬಹುದೆ? ಉಳಿದುಹೋದ ಸಾಲುಗಳನ್ನು ಎಣಿಸುವವರು ಹಾಗೆನ್ನಬಹುದು. ಆದರೆ ಬರೆಯದೆ ಇದ್ದಿದ್ದರೆ ಆ ನೂರಕ್ಕೂ ಹೆಚ್ಚಿನ ಸಾಲುಗಳಲ್ಲಿ ಎಷ್ಟು ನಡೆದಾವು ಎಂದು ಯೋಚಿಸಿದವರು ಹಾಗೆ ಹೇಳಲಾರರು.

ಇಲ್ಲಿ ಒಂದು ಸಂದೇಹ ಮೂಡುವುದು ಸಹಜ. ನದಿ, ಬೆಟ್ಟ, ದೇಶಗಳನ್ನು ಗೆಲ್ಲುವುದಷ್ಟೇ ಬಾಳಿನ ಗುರಿಯೇ? ಹೊರಗಿನ ಶಿಖರಗಳನ್ನು ಏರುವವನು ತನ್ನ ಒಳಗಿನ ತಗ್ಗುಗಳನ್ನು ನೋಡಬೇಡವೇ? ಈ ಪ್ರಶ್ನೆಗೆ ಉತ್ತರವಾಗಿ ಅದೇ ದೇಶದ ಇನ್ನೊಬ್ಬನ ಪಟ್ಟಿಯನ್ನು ನೋಡೋಣ. ಅವನೇ ಬೆಂಜಮಿನ್ ಫ್ರಾಂಕ್ಲಿನ್. 1706ರಲ್ಲಿ ಬಾಸ್ಟನ್ ನಗರದಲ್ಲಿ ಹುಟ್ಟಿ, ಮುದ್ರಣಕಾರನಾಗಿ ದುಡಿದು, ವಿಜ್ಞಾನಿಯೂ ರಾಜನೀತಿಜ್ಞನೂ ಆಗಿ ಕೀರ್ತಿ ಪಡೆದವನು. ತರುಣನಾಗಿದ್ದಾಗ ಆತನು ತನ್ನಲ್ಲಿ ಬೆಳೆಸಿಕೊಳ್ಳಬೇಕಾದ ಗುಣಗಳ ಪಟ್ಟಿಯನ್ನು ಮಾಡಿದನು. ಮಿತಾಹಾರ, ಮಿತಭಾಷಣ, ಅಚ್ಚುಕಟ್ಟು, ದೃಢನಿಶ್ಚಯ, ಮಿತವ್ಯಯ, ದುಡಿಮೆ, ನ್ಯಾಯ, ಶುಚಿತ್ವ ಮೊದಲಾಗಿ ಹನ್ನೆರಡು ಗುಣಗಳು ಅದರಲ್ಲಿದ್ದುವು. ನಿನ್ನಲ್ಲಿ ಗರ್ವವಿದೆಯೆಂದು ಮಿತ್ರನೊಬ್ಬನು ತಿಳಿಸಿದಾಗ, ಕೋಪಗೊಳ್ಳದೆ, ವಿನಯವನ್ನು ಹದಿಮೂರನೆಯದಾಗಿ ಸೇರಿಸಿಕೊಂಡನು.

ಫ್ರಾಂಕ್ಲಿನ್ನನ ಅಭ್ಯಾಸಕ್ರಮ ಸರಳವಾಗಿತ್ತು. ಒಂದು ಚಿಕ್ಕ ಪುಸ್ತಕದಲ್ಲಿ ವಾರದ ಏಳು ದಿನಗಳಿಗೆ ಏಳು ಕಂಬಸಾಲುಗಳನ್ನೂ, ಹದಿಮೂರು ಗುಣಗಳಿಗೆ ಹದಿಮೂರು ಅಡ್ಡಸಾಲುಗಳನ್ನೂ ಎಳೆದನು. ವಾರಕ್ಕೆ ಒಂದು ಗುಣದ ಮೇಲೆ ವಿಶೇಷವಾಗಿ ಗಮನವಿಡುವನು. ಪ್ರತಿ ರಾತ್ರಿ ಆ ದಿನದ ನಡೆಯನ್ನು ನೆನೆದು, ಎಲ್ಲಿ ತಪ್ಪಿದನೋ ಅಲ್ಲಿ ಒಂದು ಕಪ್ಪು ಚುಕ್ಕೆಯನ್ನು ಇಡುವನು. ಹದಿಮೂರು ವಾರಗಳಿಗೆ ಒಂದು ಸುತ್ತು. ವರ್ಷಕ್ಕೆ ನಾಲ್ಕು ಸುತ್ತು. ಹೊಸ ಸುತ್ತಿಗಾಗಿ ಹಳೆಯ ಚುಕ್ಕೆಗಳನ್ನು ಅಳಿಸಿ ಅಳಿಸಿ ಹಾಳೆಗಳಲ್ಲಿ ತೂತುಗಳೇ ಬಿದ್ದುವಂತೆ! ಕಡೆಗೆ ಒದ್ದೆ ಸ್ಪಂಜಿನಿಂದ ಒರೆಸಬಹುದಾದ ದಂತದ ಹಾಳೆಗಳನ್ನು ಆತನು ಬಳಸಬೇಕಾಯಿತು.

ಇಷ್ಟಾದರೂ ಅಚ್ಚುಕಟ್ಟೆಂಬ ಗುಣ ಆತನಿಗೆ ಪೂರ್ತಿಯಾಗಿ ಕೈವಶವಾಗಲಿಲ್ಲ. ತನ್ನ ಆತ್ಮಕಥೆಯಲ್ಲಿ ಆತನು ಇದನ್ನು ಮರೆಮಾಚದೆ ಒಪ್ಪಿಕೊಂಡು, ಒಂದು ಸೊಗಸಾದ ಪ್ರಸಂಗವನ್ನು ಹೇಳುತ್ತಾನೆ. ಒಬ್ಬನು ಕಮ್ಮಾರನಿಂದ ಕೊಡಲಿಯೊಂದನ್ನು ಕೊಂಡನು. ಅದರ ಬಾಯಿಯಂತೆಯೇ ಮೈಯೆಲ್ಲ ಹೊಳೆಯಬೇಕೆಂದು ಕೇಳಿದನು. ಸಾಣೆಚಕ್ರವನ್ನು ನೀನು ತಿರುಗಿಸುವುದಾದರೆ ಆಗಬಹುದೆಂದನು ಕಮ್ಮಾರ. ಚಕ್ರ ತಿರುಗಿಸಿ ತಿರುಗಿಸಿ ಅವನ ರಟ್ಟೆ ಸೋತುಹೋಯಿತು. ಇನ್ನೂ ಅಲ್ಲಲ್ಲಿ ಕಲೆಗಳಿವೆ, ತಿರುಗಿಸು ಎಂದು ಕಮ್ಮಾರನು ಹೇಳಿದಾಗ, ಕಲೆಯಿರುವ ಕೊಡಲಿಯೇ ತನಗೆ ಇಷ್ಟವೆಂದು ಹೇಳಿ ಅವನು ಹೊರಟುಹೋದನಂತೆ! ಮನುಷ್ಯನು ದಣಿದಾಗ ತನ್ನ ಕೊರತೆಯನ್ನೇ ಗುಣವೆಂದು ಹೊಗಳಿಕೊಳ್ಳುತ್ತಾನೆ. ಫ್ರಾಂಕ್ಲಿನ್ನನು ಹಾಗೆ ಹೊಗಳಿಕೊಳ್ಳಲಿಲ್ಲ. ತಾನು ಬಯಸಿದ ಪೂರ್ಣತೆ ಸಿಗಲಿಲ್ಲ. ಆದರೆ ಪ್ರಯತ್ನಿಸದೆ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ಒಳ್ಳೆಯವನೂ ಸುಖಿಯೂ ಆದೆನೆಂದು ಆತನು ತೃಪ್ತಿಪಟ್ಟನು.

ಇಬ್ಬರ ನಡುವೆ ಎರಡು ಶತಮಾನಗಳ ಅಂತರವಿದೆ. ಒಬ್ಬನು ಲೋಕವನ್ನು ಕಾಣಹೊರಟವನು. ಇನ್ನೊಬ್ಬನು ತನ್ನನ್ನು ತಿದ್ದಹೊರಟವನು. ಆದರೂ ಇಬ್ಬರೂ ಮಾಡಿದ ಮೊದಲ ಕೆಲಸ ಒಂದೇ: ಬಯಕೆಯನ್ನು ಬರಹಕ್ಕಿಳಿಸಿದುದು. ಮನಸ್ಸಿನಲ್ಲಿರುವ ಬಯಕೆ ಗಾಳಿಯಂತೆ. ಅದಕ್ಕೆ ಆಕಾರವಿಲ್ಲ, ಅದನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಹಾಳೆಯ ಮೇಲೆ ಬರೆದ ಬಯಕೆಯಾದರೋ ನಾವು ನಮಗೇ ಬರೆದುಕೊಟ್ಟ ಸಾಲಪತ್ರ. ಪ್ರತಿ ಸಲ ತೆರೆದಾಗಲೂ ಅದು, ‘ಎಷ್ಟು ತೀರಿಸಿದೆ?’ ಎಂದು ಕೇಳುತ್ತದೆ. ಬಯಕೆಯು ಸಂಕಲ್ಪವಾಗುವುದು ಈ ಪ್ರಶ್ನೆಗೆ ಉತ್ತರ ಕೊಡಲು ಹೊರಟಾಗ.

ವಿದ್ಯಾರ್ಥಿಗಳೇ, ಗೊಡಾರ್ಡನು ಪಟ್ಟಿಯನ್ನು ಬರೆದಾಗ ಅವನ ವಯಸ್ಸು ಹೆಚ್ಚು ಕಡಮೆ ನಿಮ್ಮದೇ. ಅವನಂತೆ ನೀವೂ ನೈಲ್ ನದಿಗೆ ಹೋಗಬೇಕೆಂದೇನೂ ಇಲ್ಲ. ಊರ ಕೆರೆಯಲ್ಲಿ ಬಲ್ಲವರ ಕಣ್ಣಮುಂದೆ ಈಜು ಕಲಿಯುವುದು, ಅಜ್ಜಿ ಹಾಡುವ ಬೀಸುವ ಕಲ್ಲಿನ ಪದಗಳನ್ನು ಮರೆಯಾಗುವ ಮುನ್ನ ಬರೆದಿಡುವುದು, ಸುತ್ತಲಿನ ಐವತ್ತು ಮರಗಳನ್ನು ಹೆಸರು ಹಿಡಿದು ಗುರುತಿಸುವುದು, ಹಳಗನ್ನಡ ಕಾವ್ಯವೊಂದನ್ನು ಮೊದಲಿನಿಂದ ಕೊನೆಯವರೆಗೆ ಓದುವುದು, ಕೋಪವನ್ನು ಒಂದು ವಾರ ಹತೋಟಿಯಲ್ಲಿಡುವುದು – ಇವೂ ಗುರಿಗಳೇ. ಇವುಗಳಿಗೆ ಹಣ ಬೇಡ, ಹಡಗು ಬೇಡ. ಇವುಗಳ ನಡುವೆ ಆಕಾಶಕ್ಕೆ ಏಣಿ ಹಾಕುವಂತಹ ಒಂದೆರಡು ದೊಡ್ಡ ಆಸೆಗಳೂ ಇರಲಿ. ಬೇರೆಯವರ ಪಟ್ಟಿಯನ್ನು ನಕಲು ಮಾಡಬೇಡಿ. ಬೇರೆಯವರಿಗೆ ತೋರಿಸಿ ಮೆಚ್ಚುಗೆ ಪಡೆಯಲೆಂದೂ ಬರೆಯಬೇಡಿ. ಬೆಳೆದಂತೆ ಕೆಲವು ಸಾಲುಗಳು ಬೇಡವೆನಿಸಬಹುದು. ಆಗ ಅವನ್ನು ಹೊಡೆದುಹಾಕಲು ನಾಚಬೇಕಾಗಿಲ್ಲ. ಆದರೆ ಕಷ್ಟವೆಂಬ ಒಂದೇ ಕಾರಣಕ್ಕೆ ಹೊಡೆದುಹಾಕುವಾಗ ಕಲೆಯ ಕೊಡಲಿಯನ್ನು ಮೆಚ್ಚಿದವನನ್ನು ನೆನೆದುಕೊಳ್ಳಿ.

ಮಳೆಗಾಲದ ಮಧ್ಯಾಹ್ನಗಳು ಎಲ್ಲರ ಬಾಳಿನಲ್ಲಿಯೂ ಬರುತ್ತವೆ. ಒಂದು ಹಾಳೆ, ಒಂದು ಲೇಖನಿ ಎಲ್ಲರ ಕೈಗೂ ಸಿಗುತ್ತವೆ. ಮುಪ್ಪಿನಲ್ಲಿ ‘ಮಾಡಬಹುದಾಗಿತ್ತು’ ಎಂದು ಕೊರಗುವುದಕ್ಕಿಂತ, ಎಳೆತನದಲ್ಲಿ ‘ಮಾಡುತ್ತೇನೆ’ ಎಂದು ಬರೆದು ಇಂದೇ ಮೊದಲ ಸಾಲಿಗೆ ಕೈಹಾಕುವುದು ಲೇಸು.

ಅಭ್ಯಾಸ

1. ಗೊಡಾರ್ಡನು ಬಾಳಿನ ಪಟ್ಟಿಯನ್ನು ಬರೆಯಲು ಕಾರಣವಾದ ಸಂಗತಿ ಯಾವುದು?
2. ಪಟ್ಟಿಯಲ್ಲಿ ಸಣ್ಣ ಗುರಿಗಳೂ ಇರಬೇಕೆಂದು ಲೇಖಕರು ಏಕೆ ಹೇಳುತ್ತಾರೆ?
3. ನೈಲ್ ನದಿಯ ಪಯಣದಲ್ಲಿ ಎದುರಾದ ಅಡ್ಡಿಗಳನ್ನು ವಿವರಿಸಿ.
4. ಫ್ರಾಂಕ್ಲಿನ್ನನು ಗುಣಗಳನ್ನು ಬೆಳೆಸಿಕೊಳ್ಳಲು ಅನುಸರಿಸಿದ ಕ್ರಮವನ್ನು ನಿಮ್ಮ ಮಾತಿನಲ್ಲಿ ಬರೆಯಿರಿ.
5. ‘ಕಲೆಯಿರುವ ಕೊಡಲಿ’ಯ ಪ್ರಸಂಗದಿಂದ ತಿಳಿಯುವ ನೀತಿಯೇನು?
6. ‘ನಾವು ನಮಗೇ ಬರೆದುಕೊಟ್ಟ ಸಾಲಪತ್ರ’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
7. ನಿಮ್ಮ ಬಾಳಿನ ಹತ್ತು ಗುರಿಗಳನ್ನು ಬರೆದು, ಅವುಗಳಲ್ಲಿ ಈ ವಾರವೇ ಆರಂಭಿಸಬಹುದಾದ ಒಂದನ್ನು ಗುರುತಿಸಿ.